ಏಕಾದಶಿಯ ದಿನ ತಣ್ಣಗಿದ್ದ ನಮ್ಮ ಒಲೆಯ ಬಗ್ಗೆ

ಈ ನಗರದ ವೃದ್ಧರ ಕ್ಷೇಮದ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಕೀಲ್ಪಾಕಿನ ನಮ್ಮ ಮನೆಯ ಅಡುಗೆಕೋಣೆಗೆ ನಿಮ್ಮ ಇಲಾಖೆ ಬೀಗ ಹಾಕಿತು. ತಿಂಗಳ ಕೊನೆಗೆ ಮನೆಗೂ ಹಾಕುತ್ತದಂತೆ. ನಾವು ಐದು ಜನ ಮುದುಕರು ಒಂದೇ ಸೂರಿನಡಿ ಒಂದೇ ಪಾತ್ರೆಯ ಸಾರು ಉಂಡದ್ದು ನಮ್ಮ ಅಪರಾಧ. ತಮಿಳಿನಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ, ನೀವು ಉತ್ತರಿಸಲಿಲ್ಲ. ಈಗ ಮನೆಮಾತಿನಲ್ಲಿ, ನಾಲ್ಕು ಜನಕ್ಕೆ ಕೇಳುವಂತೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದಿದ್ದರೆ ಚಿಂತೆಯಿಲ್ಲ. ನೀವು ಬೆಳಿಗ್ಗೆ ಕಾಫಿ ಕುಡಿಯುವ ಹೋಟೆಲಿನ ಗಲ್ಲಾದಲ್ಲಿ ಕೂತವರನ್ನು ಕೇಳಿ, ಓದಿ ಹೇಳುತ್ತಾರೆ.

ಮೊದಲು ನಿಮ್ಮ ಸುಧಾರಣೆಯ ಮಾತು. ಹೊಸ ನಿಯಮದ ಪ್ರಕಾರ, ರಕ್ತಸಂಬಂಧವಿಲ್ಲದ ನಾಲ್ಕೈದು ವೃದ್ಧರು ಒಟ್ಟಿಗೆ ಉಂಡು ಮಲಗುವ ಜಾಗ ಮನೆಯಲ್ಲ, 'ವಸತಿ ಆರೈಕೆ ಸಂಸ್ಥೆ'. ಸಂಸ್ಥೆಯೆಂದ ಮೇಲೆ ನೋಂದಣಿ ಬೇಕು, ವ್ಯವಸ್ಥಾಪಕರು ಬೇಕು, ಕ್ಯಾಮೆರಾ ಬೇಕು, ಮತ್ತು ನಿವಾಸಿಗಳು ಅಡುಗೆಕೋಣೆಗೆ ಕಾಲಿಡಕೂಡದು. ಗಂಡ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಇರಲಾರದೆ ಪರಿಚಯದವರನ್ನು ಕರೆತಂದು ಜೊತೆಗಿರಿಸಿಕೊಂಡವಳು ನಾನು. ಎಗ್ಮೋರ್ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಆಯುಷ್ಯವೆಲ್ಲ ಅಡುಗೆ ಮಾಡಿದ ಉಡುಪಿ ಕಡೆಯ ಮಧ್ವರಾಜ ಭಟ್ಟರು, ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದ ಬೇಬಿ ಮಾಮಿ, ನನ್ನ ಗಂಡನ ಆಫೀಸಿನ ಸ್ನೇಹಿತ ಸುಘೋಷ ಮತ್ತು ಅವರ ಹೆಂಡತಿ ಶ್ರೀವಿದ್ಯಾ. ಇವರಲ್ಲಿ ಆರೈಕೆ ಮಾಡುವವರು ಯಾರು, ಪಡೆಯುವವರು ಯಾರು ಎಂದು ನಿಮ್ಮ ಕಚೇರಿ ಕೇಳಿತು. ಬೆಳಿಗ್ಗೆ ಭಟ್ಟರು ನನಗೆ ಕಾಫಿ ಕೊಡುತ್ತಾರೆ, ಮಧ್ಯಾಹ್ನ ಕಣ್ಣು ಮಂಜಾದ ಅವರಿಗೆ ನಾನು ಪೇಪರ್ ಓದುತ್ತೇನೆ, ಬೇಬಿ ಮಾಮಿ ಇಬ್ಬರನ್ನೂ ಬೈಯುತ್ತಾರೆ. ಇದನ್ನು ನಿಮ್ಮ ಫಾರಮ್ಮಿನ ಯಾವ ಕಾಲಮಿನಲ್ಲಿ ತುಂಬುತ್ತೀರಿ?

ಬೇಬಿ ಮಾಮಿಯ ಮಂಡಿಗೆ ವ್ಯಾಯಾಮ ಮಾಡಿಸಲು ಸರ್ಕಾರದ ನರ್ಸೊಬ್ಬರು ಮನೆಗೇ ಬರುತ್ತಿದ್ದರು. ಈಗ ಬರುವುದಿಲ್ಲ, ಏಕೆಂದರೆ ಇದು ಮನೆಯಲ್ಲ. ಸಂಸ್ಥೆಗಳಿಗೆ ಸಿಗುವ ನೆರವೂ ಇಲ್ಲ, ಏಕೆಂದರೆ ನೋಂದಣಿಯಾಗಿಲ್ಲ. ತ್ರಿಶಂಕು ಸ್ವರ್ಗದ ಬಗ್ಗೆ ಪುರಾಣದಲ್ಲಿ ಕೇಳಿದ್ದೆ. ಅದಕ್ಕೆ ಕೀಲ್ಪಾಕಿನ ಪಿನ್‌ಕೋಡ್ ಇದೆಯೆಂದು ನಿಮ್ಮಿಂದ ತಿಳಿಯಿತು.

ಇನ್ನು ತಪಾಸಣೆ. ಇಡೀ ಪಂಚಾಂಗದಲ್ಲಿ ನಿಮಗೆ ಸಿಕ್ಕಿದ್ದು ಏಕಾದಶಿಯ ದಿನ. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನಾನು ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ನಿಮ್ಮ ಅಧಿಕಾರಿಣಿ ಒಳಗೆ ಬಂದು ತಣ್ಣಗಿದ್ದ ಒಲೆ, ಕವುಚಿಟ್ಟ ಪಾತ್ರೆ ಎಲ್ಲ ನೋಡಿ, ಬೇಬಿ ಮಾಮಿಯ ಪಕ್ಕ ಕೂತು, "ಪಾಟಿ, ಸಾಪ್ಟೀಂಗಳಾ?" ಎಂದು ಕೇಳಿದರಂತೆ. ಊಟವಾಯಿತೇ ಅಜ್ಜಿ ಎಂದು. ಕಳಕಳಿಯಿಂದಲೇ ಕೇಳಿರಬೇಕು, ಇಲ್ಲವೆನ್ನುವುದಿಲ್ಲ. ಆದರೆ ಎದುರಿಗೆ ನಿರ್ಜಲ ಉಪವಾಸದ ಭಟ್ಟರು ಕೂತಿದ್ದರು. ಬೆಳಿಗ್ಗೆಯೇ ಕೋಣೆಯ ಬಾಗಿಲು ಹಾಕಿಕೊಂಡು ಒಂದು ಬಟ್ಟಲು ಮೊಸರವಲಕ್ಕಿ ಮುಗಿಸಿದ್ದ ಬೇಬಿ ಮಾಮಿ, ತಲೆಯೆತ್ತಿ, "ತಣ್ಣಿ ಕೂಡ ತೊಡಲೆಮ್ಮಾ," ನೀರೂ ಮುಟ್ಟಿಲ್ಲ ಎಂದುಬಿಟ್ಟರು. ಸುಘೋಷರು ಬಿಟ್ಟಾರೆಯೇ? ತಮ್ಮದು ಹಿಂದಿನ ರಾತ್ರಿಯಿಂದಲೇ ಎಂದರು. ಉಪವಾಸದ ವಿಷಯದಲ್ಲಿ ನಮ್ಮವರು ಒಬ್ಬರಿಗೊಬ್ಬರು ಸೋಲುವವರಲ್ಲ. ಅಧಿಕಾರಿಣಿಯ ಕಣ್ಣಲ್ಲಿ ನೀರು ಬಂತಂತೆ.

ನಾನು ಕೆಳಗಿಳಿದು ಬಂದು, ಇವತ್ತು ಏಕಾದಶಿ ಎಂದೆ. "ಏಕಾದಶಿ ಮಾರ್ಗಳಿಯಲ್ಲಿ ಅಲ್ಲವಾ ಬರೋದು, ಮೇಡಂ?" ಎಂದರು. ಅವರಿಗೆ ಗೊತ್ತಿದ್ದದ್ದು ನಮ್ಮ ಧನುರ್ಮಾಸದ ವೈಕುಂಠ ಏಕಾದಶಿಯೊಂದೇ. ಪಕ್ಷಕ್ಕೊಂದು ಬರುತ್ತದೆ ಎಂದು ವಿವರಿಸಿದರೆ, ಮುದುಕರನ್ನು ಉಪವಾಸ ಕೆಡಹುವವರೆಲ್ಲ ಒಂದಲ್ಲ ಒಂದು ನೆಪ ಹೇಳುತ್ತಾರೆ ಎಂಬಂತೆ ನನ್ನ ಮುಖ ನೋಡಿದರು. ಅವರು ಹೋದ ಮೇಲೆ ಬೇಬಿ ಮಾಮಿಯನ್ನು ತರಾಟೆಗೆ ತೆಗೆದುಕೊಂಡೆ. "ಏನ್ ಮಾಡ್ಲಿ ಜಯಾ, ಭಟ್ರು ಎದುರಿಗೇ ಕೂತಿದ್ರು. ಅವಲಕ್ಕಿ ತಿಂದೆ ಅಂದಿದ್ರೆ ಮಾನಂ ಪೋಚ್ಚು," ಮರ್ಯಾದೆ ಹೋಯಿತು ಎಂದರು. ಇಲ್ಲಿ ವೃದ್ಧರು ಉಪವಾಸ ಬಿದ್ದಿದ್ದಾರೆಂದು ಅಧಿಕಾರಿಣಿ ವರದಿ ಬರೆದರು. ನಾನು ಪಂಚಾಂಗದ ಹಾಳೆಯನ್ನು ನಿಮ್ಮ ಕಚೇರಿಗೆ ಕಳಿಸಿದೆ. ಅದು ಅಂಗೀಕೃತ ದಾಖಲೆಯಲ್ಲ ಎಂದು ಹಿಂದಿರುಗಿಸಿದಿರಿ.

ಅಲ್ಲಿಗೆ ಅಡುಗೆಕೋಣೆಗೆ ಬೀಗ ಬಿತ್ತು, ಮಾನ್ಯತೆ ಪಡೆದ ಅಡುಗೆಮನೆಯಿಂದ ಡಬ್ಬಿ ಬರತೊಡಗಿತು. ಆದೇಶದಂತೆ ತಿಂಗಳ ಕೊನೆಗೆ ಭಟ್ಟರು ಅಂಬತ್ತೂರಿನ ಆಚೆಯ ಒಂದು ಸಂಸ್ಥೆಗೆ, ಬೇಬಿ ಮಾಮಿ ಇನ್ನೊಂದಕ್ಕೆ, ನಾನು ಮತ್ತೊಂದಕ್ಕೆ. ಸುಘೋಷರು ಗಂಡಸರ ವಿಭಾಗಕ್ಕೆ, ಶ್ರೀವಿದ್ಯಾ ಹೆಂಗಸರ ವಿಭಾಗಕ್ಕೆ. ಮದುವೆಯಾದಾಗಿನಿಂದ ಒಂದೇ ಮನೆಯಲ್ಲಿದ್ದವರನ್ನು ಬೇರೆ ಮಾಡಲು ಕೋರ್ಟಿಗಾದರೂ ಹೋಗಬೇಕಿತ್ತು. ನೀವು ಒಂದು ರಬ್ಬರ್ ಸ್ಟ್ಯಾಂಪಿನಲ್ಲಿ ಮುಗಿಸಿದಿರಿ.

ಕಾನೂನೇ ಬೇಡವೆಂದು ನಾನು ಹೇಳುತ್ತಿಲ್ಲ. ಹೆತ್ತವರ ಪೆನ್ಷನ್ ತಿಂದು ಅವರನ್ನು ಕೋಣೆಯಲ್ಲಿ ಕೂಡಿಹಾಕುವವರಿದ್ದಾರೆ, ವೃದ್ಧಾಶ್ರಮವೆಂದು ಬೋರ್ಡು ಹಾಕಿ ಹಾಸಿಗೆಯನ್ನೂ ಬದಲಿಸದವರಿದ್ದಾರೆ. ಅಂಥವರ ಬಾಗಿಲಿಗೆ ಬೀಗ ಹಾಕಿ, ಬೇಕಾದರೆ ನಾನೇ ಬಂದು ದೀಪ ಹಿಡಿಯುತ್ತೇನೆ. ಆದರೆ ನಮ್ಮನ್ನು ಕಾಪಾಡುವ ಮೊದಲು ನಮ್ಮಲ್ಲಿ ಒಬ್ಬರನ್ನಾದರೂ ನಿಮಗೇನು ಬೇಕು ಎಂದು ಕೇಳಿದಿರಾ? ವಯಸ್ಸಾದ ಕೂಡಲೇ ಮನುಷ್ಯನ ಬಾಯಿ ಮಾತ್ರೆ ನುಂಗಲಿಕ್ಕೆ ಮಾತ್ರ ಎಂದು ಯಾರು ತೀರ್ಮಾನಿಸಿದರು?

ಭಟ್ಟರು ಆ ಡಬ್ಬಿಯನ್ನು ತೆರೆದು ನೋಡಿ ಮುಚ್ಚಿಡುತ್ತಿದ್ದರು. ಅನ್ನ ಹಳಸಿಲ್ಲ, ಪಲ್ಯ ಕೆಟ್ಟಿಲ್ಲ. ಯಾಕೆ ಉಣ್ಣುವುದಿಲ್ಲ ಎಂದು ಕೇಳಿದೆ. "ಇದ್ರಲ್ಲಿ ಎಂತ ತಪ್ಪಿಲ್ಲ ಜಯಮ್ಮ. ನಂಗೆ ನಾಲ್ಕು ಜನರಿಗೆ ಬಡಿಸಿದ ಮೇಲೆಯೇ ಹಸಿವಾಗುದು. ಹೋಟ್ಲಲ್ಲಿ ಅದೇ ಅಭ್ಯಾಸ ಆಯ್ತು, ಈಗ ಬಿಡ್ಲಿಕ್ಕೆ ಆಗುದಿಲ್ಲ," ಎಂದರು. ಅಷ್ಟು ವರ್ಷ ಊರಿಗೆಲ್ಲ ಉಣ್ಣಿಸಿದ ಮನುಷ್ಯ ಬೀಗ ಹಾಕಿದ ಬಾಗಿಲಿನ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅಂಗಿ ಜೋಲಾಡತೊಡಗಿತು. ನಮ್ಮ ಮನೆಯಲ್ಲಿ ವೃದ್ಧರು ಉಪವಾಸ ಬಿದ್ದಿದ್ದಾರೆ ಎಂದು ನಿಮ್ಮ ವರದಿ ಹೇಳಿತ್ತಲ್ಲ, ಅವತ್ತು ಅದು ಸುಳ್ಳಾಗಿತ್ತು. ನೀವು ಕೈಗೊಂಡ ಕ್ರಮದಿಂದ ನಿಜವಾಯಿತು.

ಆದ್ದರಿಂದ ನಿನ್ನೆ ಬೀಗ ಒಡೆದೆ. ಮೊದಲು ಕರೆಸಿದ ಬೀಗ ರಿಪೇರಿಯವನು ಸರ್ಕಾರದ ಸೀಲು ಕಂಡು ಹೆದರಿ ಹೋದ. ಸುಘೋಷರು ಸುತ್ತಿಗೆ ತಂದುಕೊಟ್ಟರು, ಹೊಡೆದವಳು ನಾನು. ಭಟ್ಟರು ಸಾರು ಮಾಡಿ, ಎಲ್ಲರಿಗೂ ಬಡಿಸಿ, ಕೊನೆಗೆ ತಮಗೂ ಎಲೆ ಹಾಕಿಕೊಂಡು, ಎರಡನೇ ಸಲ ಅನ್ನ ಹಾಕಿಸಿಕೊಂಡರು. ಇದನ್ನು ತಪ್ಪೊಪ್ಪಿಗೆಯೆಂದು ತಿಳಿಯಬೇಡಿ.

ಆ ವರದಿಯನ್ನು ರದ್ದು ಮಾಡಿ. ಮನೆಯನ್ನು ಮನೆಯೆಂದು ಬರೆದು ನರ್ಸನ್ನು ವಾಪಸು ಕಳಿಸಿ. ವೃದ್ಧರ ಒಪ್ಪಿಗೆಯಿಲ್ಲದೆ ಅವರನ್ನು ಎಲ್ಲಿಗೂ ಸಾಗಿಸಕೂಡದು ಎಂಬ ಒಂದು ಸಾಲನ್ನು ನಿಮ್ಮ ನಿಯಮಕ್ಕೆ ಸೇರಿಸಿ. ಆಗದಿದ್ದರೆ ತಿಂಗಳ ಕೊನೆಗೆ ನಿಮ್ಮ ವ್ಯಾನು ಬರಲಿ, ಗೇಟು ತೆರೆದೇ ಇರುತ್ತದೆ. ನಾವು ಹತ್ತುವುದಿಲ್ಲ. ನೀವು ಒಬ್ಬೊಬ್ಬರನ್ನೇ ಎತ್ತಿಕೊಂಡು ಹೋಗಬೇಕಾಗುತ್ತದೆ. ಬೇಬಿ ಮಾಮಿಯಿಂದಲೇ ಶುರುಮಾಡಿ, ಎಲ್ಲರಿಗಿಂತ ಹೆಚ್ಚು ತೂಕ ಅವರದೇ.

ಇಂತಿ,
ಈ ವಯಸ್ಸಿನಲ್ಲಿ ಸುತ್ತಿಗೆ ಹಿಡಿಯುವುದನ್ನು ನಿಮ್ಮಿಂದಾಗಿ ಕಲಿತ
ಜಯಲಕ್ಷ್ಮೀ
ಕೀಲ್ಪಾಕ್, ಚೆನ್ನೈ