ಹೊಸಿಲಾಚೆ ಬಿಟ್ಟ ಬೂಟು

ರಾಜಘಟ್ಟ
14 ಜೂನ್ 2025, ಶನಿವಾರ

ಚಿರಂಜೀವಿ ಸಿಂಚನಳಿಗೆ,

ರಾಜಘಟ್ಟದಿಂದ ನಿನ್ನ ತಾಯಿ ಮಾಡುವ ಆಶೀರ್ವಾದಗಳು. ನಾವು ಚೆನ್ನಾಗಿದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ಎಂದು ನಂಬಿದ್ದೇನೆ. ಪೂರ್ತಿ ನಂಬಿಲ್ಲ, ಅರ್ಧ ನಂಬಿದ್ದೇನೆ.

ನಿನ್ನ ಪೊಲೀಸ್ ಕೆಲಸದ ಆರ್ಡರ್ ಬಂದ ಸುದ್ದಿಯನ್ನು ನಿಮ್ಮಪ್ಪ ಫೋನಿನಲ್ಲಿ ಹೇಳಿರುತ್ತಾರೆ. ಅವರು ಹೇಳದೆ ಬಿಟ್ಟಿದ್ದನ್ನು ನಾನು ಹೇಳುತ್ತೇನೆ. ಆ ಕಾಗದವನ್ನು ನನ್ನಿಂದ ಮೂರು ಸಲ ಓದಿಸಿದರು. ದೇವರ ಮುಂದಿಟ್ಟು ಕುಂಕುಮ ಹಚ್ಚಲು ಹೋದರು. ಸರ್ಕಾರದ ಮೊಹರಿನ ಮೇಲೆ ಬೇಡ ಎಂದು ನಾನೇ ತಡೆದೆ. ಆಮೇಲೆ ಅದರ ಫೋಟೋ ತೆಗೆದುಕೊಂಡು, ಬಾಶೆಟ್ಟಿಹಳ್ಳಿ ಬಸ್ಸಿನಲ್ಲಿ ಶಿಫ್ಟಿಗೆ ಹೋಗುವವರಿಗೆಲ್ಲ ತೋರಿಸಿದರಂತೆ. ಕಂಡಕ್ಟರನ್ನೂ ಬಿಟ್ಟಿಲ್ಲ.

ಈ ಪತ್ರವನ್ನು ಮೂರು ವಾರದ ಹಿಂದೆಯೇ ಬರೆಯಬೇಕಿತ್ತು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಗುಲಾಬಿ ತೋಟದಲ್ಲಿ ಕೆಲಸ ಜಾಸ್ತಿ ಎಂದು ನೆಪ ಹೇಳಬಹುದಿತ್ತು, ಆದರೆ ನಿಜವೇನೆಂದರೆ ಎಲ್ಲಿಂದ ಶುರು ಮಾಡುವುದೋ ಗೊತ್ತಾಗಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ‘ಶಿಫ್ಟಿಗೆ ಟೈಮಾಯ್ತು’ ಎಂದು ಇಟ್ಟುಬಿಡುತ್ತೀಯ. ಹೊಸಕೋಟೆ ಪಿಲ್ಲಗುಂಪೆಯ ಆ ಫ್ಯಾಕ್ಟರಿಯಲ್ಲಿ ದಿನಕ್ಕೆ ಎಷ್ಟು ಶಿಫ್ಟು ಮಗಳೇ? ಯಾವಾಗ ಮಾಡಿದರೂ ಶಿಫ್ಟು! ಅದಕ್ಕೇ ಪೆನ್ನು ಹಿಡಿದೆ. ನಿನ್ನ ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು ನಿನ್ನ ಜೊತೆಯೇ ಕಲಿತ ಅಕ್ಷರ ಇದು. ತಪ್ಪಿದ್ದರೆ ಆಗ ಹಾಕುತ್ತಿದ್ದ ಹಾಗೆ ಕೆಂಪು ಗೀಟು ಹಾಕಿಕೋ.

ನಿನಗೆ ನಾನು ಹೇಳಿರದ ಒಂದು ಹಳೆಯ ಮಾತಿದೆ. ಇಪ್ಪತ್ತೈದು ವರ್ಷದ ಹಿಂದೆ ನೇಪಾಳದಿಂದ ನಮ್ಮಣ್ಣನ ಜೊತೆ ಇಲ್ಲಿಗೆ ಬಂದೆನಲ್ಲ, ಅವನು ಆಗಲೇ ಬಾಶೆಟ್ಟಿಹಳ್ಳಿಯಲ್ಲಿ ವಾಚ್‌ಮನ್ ಆಗಿದ್ದ. ಬಸ್ಸಿಳಿದ ಮೇಲೆ ಅವನು ನನಗೆ ಕಲಿಸಿದ್ದು ಕನ್ನಡವಲ್ಲ, ಪೊಲೀಸರ ಮುಂದೆ ನಿಲ್ಲುವುದು ಹೇಗೆ ಎಂದು. ಕೈ ಕಾಣುವ ಹಾಗೆ ಇಟ್ಟುಕೋ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಓಡಬೇಡ, ಎದುರು ಮಾತಾಡಬೇಡ, ಏನೇ ಆದರೂ ಸುಳ್ಳು ಹೇಳಬೇಡ ಎಂದ. ‘ಊರಿನವರು ಹೇಳಿದ ಸುಳ್ಳು ಮರೆತುಹೋಗುತ್ತೆ, ನಮ್ಮದು ಫೈಲಿಗೆ ಹೋಗುತ್ತೆ’ ಎನ್ನುತ್ತಿದ್ದ. ಚಪ್ಪಲಿ ಬಿಟ್ಟು ನಿಲ್ಲುವುದು ಮಾತ್ರ ಅವನು ಕಲಿಸಿದ್ದಲ್ಲ. ತೋಟದ ಯಜಮಾನರ ಅಂಗಳದಲ್ಲಿ ಬಿಟ್ಟು ಬಿಟ್ಟು, ದೊಡ್ಡವರು ಯಾರು ಎದುರಿಗೆ ಬಂದರೂ ಕಾಲು ತಾನಾಗಿಯೇ ಬಿಟ್ಟುಬಿಡುತ್ತದೆ.

ಏಪ್ರಿಲ್ ತಿಂಗಳ ಆ ಭಾನುವಾರವೂ ಹಾಗೇ ಆಯಿತು. ನಿಮ್ಮತ್ತೆ ಅನುಸೂಯಮ್ಮನ ಮನೆ ಗೃಹಪ್ರವೇಶ ಮುಗಿಸಿ ನಿನ್ನ ಸ್ಕೂಟರಿನಲ್ಲಿ ಬರುತ್ತಿದ್ದೆವು. ತಿರುವಿನಲ್ಲಿ ಪೊಲೀಸರು ಅಡ್ಡಗಟ್ಟೆ ಹಾಕಿ ನಿಂತಿದ್ದರು. ಎಲ್ಲೋ ಯಾರದೋ ಮನೆಯಲ್ಲಿ ಒಡವೆ ಹೋಗಿತ್ತಂತೆ, ಆ ಮನೆಯ ನೇಪಾಳದ ಕೆಲಸದವರು ಕಾಣೆಯಾಗಿದ್ದರಂತೆ. ‘ಹೆಲ್ಮೆಟ್ ತೆಗಿಯಮ್ಮ’ ಎಂದರು, ತೆಗೆದೆ. ನನ್ನ ಮುಖ ಕಂಡಿತು. ಆಮೇಲೆ ಯಾರೂ ನಿನ್ನ ಲೈಸೆನ್ಸ್ ಕೇಳಲೇ ಇಲ್ಲ.

ನಾನು ಇಳಿದು, ಚಪ್ಪಲಿ ಪಕ್ಕಕ್ಕೆ ಬಿಟ್ಟು, ಟಾರಿನ ಮೇಲೆ ಬರಿಗಾಲಲ್ಲಿ ನಿಂತೆ. ಮಟಮಟ ಮಧ್ಯಾಹ್ನ. ನೀನು ನನ್ನ ಕಾಲು ನೋಡಿದೆ. ಮರದ ನೆರಳಲ್ಲಿ ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಎದ್ದು ಬಂದು, ‘ಇವ್ರು ಯಾರಮ್ಮ ನಿಂಗೆ?’ ಎಂದು ನಿನ್ನನ್ನು ಕೇಳಿದರು. ನೀನು ‘ಮನೆ ಕೆಲ್ಸದೋರು ಸರ್’ ಎಂದೆ. ‘ಹೌದೇನಮ್ಮ?’ ಎಂದು ನನ್ನನ್ನು ಕೇಳಿದರು. ನಾನು ‘ಹೌದು ಸಾ, ಮಾಯಮ್ಮ ಅಂತ’ ಎಂದೆ. ಇಪ್ಪತ್ತೈದು ವರ್ಷದಲ್ಲಿ ಪೊಲೀಸರಿಗೆ ನಾನು ಹೇಳಿದ ಮೊದಲನೇ ಸುಳ್ಳು ಅದು. ಹೋಗಿ ಎಂದು ಬಿಟ್ಟರು.

ನೀನು ಯಾಕೆ ಹಾಗೆ ಹೇಳಿದೆ ಎಂದು ನನಗೆ ಗೊತ್ತು. ನಿನ್ನ ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ ಇನ್ನೂ ಬಾಕಿ ಇತ್ತು. ಕಳ್ಳತನದ ತಪಾಸಣೆಯಲ್ಲಿ ನಿನ್ನ ತಾಯಿಯ ಹೆಸರು ಬರೆದುಕೊಂಡರೆ ಎಲ್ಲ ಕೈತಪ್ಪಿ ಹೋಗುತ್ತದೆ ಎಂದು ಹೆದರಿದೆ. ನಿನ್ನದು ನಿಮ್ಮಪ್ಪನ ಮುಖ, ನಿನ್ನನ್ನು ಯಾರೂ ನನ್ನ ಜೊತೆ ಸೇರಿಸುವುದಿಲ್ಲ. ದಾರಿಯುದ್ದಕ್ಕೂ ನಿನ್ನ ಭುಜ ನಡುಗುತ್ತಿತ್ತು. ಹಿಂದೆ ಕೂತವಳಿಗೆ ತಿಳಿಯುವುದಿಲ್ಲವೇ? ಅಂದು ಸಂಜೆ ಸ್ಕೂಟರನ್ನೂ ಇಲ್ಲೇ ಬಿಟ್ಟು ಬಸ್ಸಿನಲ್ಲಿ ಹೊಸಕೋಟೆಗೆ ಹೋದವಳು ಇವತ್ತಿನವರೆಗೆ ಬಂದಿಲ್ಲ.

ಈಗ ಮೂರು ವಾರದ ಹಿಂದಿನ ವಿಷಯ. ಬೆಳಿಗ್ಗೆ ಬಾಗಿಲಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದೆ. ನಿಮ್ಮಪ್ಪ ಶಿಫ್ಟಿಗೆ ಹೋಗಿದ್ದರು. ಬೈಕು ನಿಂತ ಸದ್ದಿಗೆ ತಲೆ ಎತ್ತಿದರೆ ಅದೇ ಹೆಡ್ ಕಾನ್‌ಸ್ಟೇಬಲ್, ಕಂಕುಳಲ್ಲಿ ಫೈಲು. ಎದೆಯ ಮೇಲಿನ ಹೆಸರು ಓದಿದೆ, ಆಂಜಿನಪ್ಪ. ಅವರಿಗೂ ನನ್ನ ಗುರುತು ಸಿಕ್ಕಿತು. ‘ಓ, ನೀನು ಈ ಮನೇಲಿ ಕೆಲ್ಸ ಮಾಡೋದಾ? ಯಜಮಾನ್ರನ್ನ ಕರಿಯಮ್ಮ. ಸಿಂಚನ ಅನ್ನೋ ಹುಡ್ಗಿ ವೆರಿಫಿಕೇಷನ್. ಅವ್ರ ತಾಯಿ ಇದ್ರೂ ಸಾಕು’ ಎಂದರು.

ತಾಯಿ ನಾನೇ ಎಂದರೆ, ಪೊಲೀಸ್ ಆಗುವ ಹುಡುಗಿ ಪೊಲೀಸರಿಗೇ ಸುಳ್ಳು ಹೇಳಿದಳು ಎಂದು ಅವರು ಬರೆಯಬಹುದು. ನಾನಲ್ಲ ಎಂದರೆ ಅದು ಇನ್ನೊಂದು ಸುಳ್ಳು, ಈ ಸಲ ಫೈಲಿನೊಳಗೇ. ಪಕ್ಕದ ಮನೆ ಮುನಿರತ್ನಮ್ಮಕ್ಕನಿಗೆ ರಸ್ತೆಯಲ್ಲಿ ನಡೆದಿದ್ದನ್ನೆಲ್ಲ ಹೇಳಿಕೊಂಡಿದ್ದೆ. ಅವರು ಗೋಡೆಯ ಆಚೆಯಿಂದ ಎಲ್ಲ ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು ನಿಂತುಬಿಟ್ಟಿದ್ದರು. ನಾನೇ ತಾಯಿ ಅಂತ ಬರಲಾ ಎಂದು ಕಣ್ಣಲ್ಲೇ ಕೇಳಿದರು. ಒಂದು ಕ್ಷಣ ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ.

ಎದ್ದು ನಿಂತೆ. ಬಿಡಲೆಂದು ಕಾಲು ಚಪ್ಪಲಿ ಹುಡುಕಿತು. ನನ್ನ ಮನೆಯಲ್ಲೇ ಇದ್ದೆ, ಬಿಡಲು ಕಾಲಲ್ಲಿ ಏನೂ ಇರಲಿಲ್ಲ. ಅದರಿಂದಲೋ ಏನೋ ಸ್ವಲ್ಪ ಧೈರ್ಯ ಬಂತು.

‘ತಾಯಿ ನಾನೇ ಸಾ’ ಎಂದೆ.

ಅವರು ಫೈಲು ನೋಡಿದರು, ನನ್ನ ಮುಖ ನೋಡಿದರು. ‘ಮತ್ತೆ ಅವತ್ತು ರೋಡಲ್ಲಿ?’ ಎಂದರು.

‘ಅವತ್ತಿನ ಸುಳ್ಳು ನಂದು ಸಾ. ಕೇಳುದ್ರೆ ಹಂಗೇಳು ಅಂತ ಮಗೂಗೆ ಹೇಳ್ಕೊಟ್ಟೋಳು ನಾನು. ಬರೆಯೋದಿದ್ರೆ ನನ್ನ ಹೆಸ್ರು ಬರೀರಿ’ ಎಂದೆ. ಇದು ಎರಡನೇ ಸುಳ್ಳು.

ಆಂಜಿನಪ್ಪನವರು ಜಗಲಿಯ ಮೇಲೆ ಕೂತರು. ಬೈಯುತ್ತಾರೆ ಎಂದುಕೊಂಡೆ. ಅವರು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು. ಎರಡೂ ಬೂಟನ್ನು ಹೊಸಿಲಾಚೆ ಜೋಡಿಸಿಟ್ಟು, ಕಾಲುಚೀಲದಲ್ಲೇ ಎದ್ದು, ‘ಒಳಗೆ ಬರಬೋದೇನಮ್ಮ?’ ಎಂದು ಕೇಳಿದರು. ಒಂದು ಕಾಲುಚೀಲದ ಹೆಬ್ಬೆರಳ ಹತ್ತಿರ ತೂತಿತ್ತು. ಸಿಂಚನ, ನನಗೆ ಅಲ್ಲೇ ಅಳು ಬಂದುಬಿಟ್ಟಿತು. ಖಾಕಿ ಹಾಕಿಕೊಂಡವರು ನನ್ನ ಮನೆಯ ಹೊಸಿಲಿಗೆ ಬೂಟು ಬಿಚ್ಚಿಟ್ಟು ಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಚಾಪೆಯ ಮೇಲೆ ಕೂತು ಒಂದೊಂದಾಗಿ ಕೇಳಿದರು. ಒಂದೊಂದಾಗಿ ಹೇಳಿದೆ. ಆಧಾರ್ ಕೇಳಿದಾಗ ಆಧಾರ್, ಮದುವೆಯ ಸರ್ಟಿಫಿಕೇಟ್ ಕೇಳಿದಾಗ ಅದು, ಅಣ್ಣ ಕಲಿಸಿದ ಕ್ರಮದಲ್ಲೇ. ಅಕ್ಕಪಕ್ಕದವರ ಹೇಳಿಕೆ ಬೇಕು ಎಂದಾಗ ಮುನಿರತ್ನಮ್ಮಕ್ಕ ಕರೆಯುವ ಮುಂಚೆಯೇ ಬಂದು ಕೂತಿದ್ದರು. ‘ಬರ್ಕೊಳಿ ಸ್ವಾಮಿ. ಇವ್ಳ ತವರು ದೂರ, ಅದ್ಕೆ ಬಾಣಂತನ ಮಾಡಿದ್ದು ನಾನು. ಬಿಸ್ನೀರು ಉಯ್ದಿದ್ದು ನಾನು. ಇವ್ಳಲ್ದೆ ಇನ್ಯಾವಳು ಹೆತ್ಲು ಆ ಹುಡ್ಗೀನ?’ ಎಂದರು. ಆಂಜಿನಪ್ಪನವರು ನಕ್ಕರು. ಬರೆದುಕೊಂಡರೋ ಇಲ್ಲವೋ ಕಾಣೆ.

ಟೀ ಕುಡಿದು ಫೈಲು ಮುಚ್ಚುವಾಗ ಹೇಳಿದರು: ‘ಹೇಳ್ಕೊಟ್ಟಿದ್ದು ನೀವಲ್ಲ ಬಿಡಿ. ಆ ಹುಡ್ಗಿ ಹಂಗಂದಾಗ ನಿಮ್ಮ ಮುಖ ನೋಡ್ದೆ ನಾನು. ಅದನ್ನ ಬರ್ಕೊಳೋಕೆ ಇದ್ರಲ್ಲಿ ಕಾಲಂ ಇಲ್ಲ.’ ಬಂದಾಗ ‘ನೀನು’ ಎಂದಿದ್ದವರು ಹೋಗುವಾಗ ‘ನೀವು’ ಎಂದರು.

ಇದನ್ನೆಲ್ಲ ನಿನಗೆ ಚುಚ್ಚಲು ಬರೆದಿಲ್ಲ, ದೇವರಾಣೆ. ಮುಂದಿನ ತಿಂಗಳು ನೀನು ಬೂಟು ಹಾಕುತ್ತೀಯ. ಒಂದು ದಿನ ನೀನೂ ತಿರುವಿನಲ್ಲಿ ನಿಂತು ಗಾಡಿ ನಿಲ್ಲಿಸುತ್ತೀಯ. ಯಾರಾದರೂ ನಿನ್ನೆದುರು ಚಪ್ಪಲಿ ಬಿಟ್ಟು ನಿಂತರೆ, ಮೊದಲು ಹಾಕಿಕೊಳ್ಳಿ ಎನ್ನು, ಕೇಳುವುದನ್ನು ಆಮೇಲೆ ಕೇಳು. ಅವರು ನಿನಗೆ ಹೆದರಿರುತ್ತಾರೆ, ಮೇಲೆ ಕಾಲೂ ಸುಡುತ್ತಿರುತ್ತದೆ. ಅಷ್ಟು ಮಾಡಿದರೆ ನನಗೆ ಸಾಕು.

ಟ್ರೈನಿಂಗಿನಲ್ಲಿ ಓಡಿಸುತ್ತಾರಂತೆ, ಈಗಿನಿಂದಲೇ ರಾಗಿ ಗಂಜಿ ಕುಡಿ. ನಿನಗೆ ಒಳ್ಳೆಯದಾಗಲಿ, ನಿನ್ನಿಂದ ನಾಲ್ಕು ಜನಕ್ಕೆ ಒಳ್ಳೆಯದಾಗಲಿ.

ಪ್ರೀತಿಯಿಂದ,
ಮಾಯಮ್ಮ

ಕವರು ಅಂಟಿಸುವ ಮುಂಚೆ ಇನ್ನೊಂದು ಮಾತು: ಬೂಟಿನ ದಾರ ಕಟ್ಟಿಕೊಳ್ಳುತ್ತಾ ಆಂಜಿನಪ್ಪನವರು ತಲೆ ಎತ್ತದೆ ಕೇಳಿದರು, ‘ಈಗ ಅಮ್ಮ ಅಂತಾಳಾ?’ ಎಂದು. ‘ಓ, ದಿನಾ ಫೋನ್ ಮಾಡ್ತಾಳೆ ಸಾ, ಮಾತಿಗೊಂದ್ಸಲ ಅಮ್ಮ ಅಂತಾಳೆ’ ಎಂದೆ. ಅದು ಮೂರನೇ ಸುಳ್ಳು. ಆ ಭಾನುವಾರದಿಂದ ನೀನು ನನ್ನನ್ನು ಒಂದು ಸಲವೂ ಹಾಗೆ ಕರೆದಿಲ್ಲ. ‘ಹಲೋ’ ಅನ್ನುತ್ತೀಯ, ‘ಅಪ್ಪ ಇದ್ದಾರಾ’ ಅನ್ನುತ್ತೀಯ. ನಾಚಿಕೆಯಿಂದ ಬಾಯಿ ಬರುತ್ತಿಲ್ಲ ಎಂದು ಗೊತ್ತು, ಕೋಪ ಇಲ್ಲ. ಆದರೂ ಮೇಲೆ ಸಹಿ ಹಾಕುವಾಗ ಯಾವಾಗಲೂ ಬರೆಯುವ ಹಾಗೆ ‘ನಿನ್ನ ಅಮ್ಮ’ ಎಂದು ಬರೆಯಲು ಕೈ ಬರಲಿಲ್ಲ, ನೋಡಿಕೋ. ಟ್ರೈನಿಂಗಿಗೆ ಹೋಗುವ ಮುಂಚೆ ಒಂದು ದಿನ ಬಾ. ಹೊಸಿಲಲ್ಲಿ ನಿಂತು ಒಂದು ಸಲ ಕರೆ. ನಾನು ಒಳಗೇ ಇರುತ್ತೇನೆ. ಗಟ್ಟಿಯಾಗಿ ಕರೆ ಮಗಳೇ, ಮುನಿರತ್ನಮ್ಮಕ್ಕನಿಗೂ ಕೇಳಲಿ.