ಹೊಡಿಯೂದಂದ್ರ ಹಲಗಿ

ದೋರನಹಳ್ಳಿ, ತಾ. ಶಹಾಪುರ
೨೨ ಮಾರ್ಚ್ ೨೦೨೫, ಶನಿವಾರ

ಎರಡನೇ ಆರೋಪಿಯ ಪಟ್ಟವೇರಿ ಜೈಲಿನಲ್ಲಿ ವಿರಾಜಮಾನನಾದ ಪ್ರೀತಿಯ ದೇವಿಂದ್ರಣ್ಣಾ,

ತಮ್ಮ ಹಣಮೇಶನ ಉದ್ದಂಡ ನಮಸ್ಕಾರ. ಆರಾಮ ಇದ್ದೀಯಿಲ್ಲೋ? ಅಲ್ಲಿ ರೊಟ್ಟಿ ಕೊಡ್ತಾರೋ, ಬರೇ ಅನ್ನಾನೋ? ಹಲ್ಲುನೋವು ಕಡಿಮಿ ಆತೋ? ಲವಂಗ ಕೊಟ್ಟು ಕಳಿಸಿದ್ದೆವು, ಬಾಗಿಲಲ್ಲೇ ತಡೆದರಂತೆ. ಅದಕ್ಕೂ ತಲೆ ಇರುತ್ತದಲ್ಲ, ಗುಂಡು ಅಂದುಕೊಂಡಿರಬೇಕು. ಅವ್ವ ಆರಾಮ ಇದ್ದಾಳೆ. ಮರೆತು ನಿನ್ನ ಪಾಲಿನ ಎರಡು ರೊಟ್ಟಿ ದಿನಾ ಬಡಿಯುತ್ತಾಳೆ, ಆಮೇಲೆ ನನ್ನ ಗಂಗಾಳಕ್ಕೆ ಹಾಕುತ್ತಾಳೆ. ನಿನ್ನ ರೊಟ್ಟಿ ತಿಂದದ್ದಕ್ಕೆ ನನಗೆ ಯಾವ ಕಲಂ ಹಚ್ಚುತ್ತಾರೋ ನೋಡಬೇಕು.

ಅಣ್ಣಾ, ಸಿಟ್ಟು ನೆತ್ತಿಗೇರಿದೆ. ಕಾಮಣ್ಣನ ಹುಣ್ಣಿಮೆಗೆ ಬಾರಿಸಲು ಹಲಗಿ ತರಲೆಂದು ನೀನು ಸುರಪುರಕ್ಕೆ ಹೋದೆ. ಬರುವಾಗ ನಮ್ಮ ಓಣಿಯ ಅಂಬರೀಶ "ದೋಸ್ತ, ಬಸ್ ತಪ್ಪೈತಿ" ಅಂದ, ಗಾಡಿ ಹಿಂದೆ ಕೂಡಿಸಿಕೊಂಡೆ. ಶಹಾಪುರದ ಹತ್ತಿರ ಪೊಲೀಸರು ನಿಲ್ಲಿಸಿದರೆ ಅವನ ಚೀಲದ ತಳದಲ್ಲಿ ಟವೆಲಿನಲ್ಲಿ ಸುತ್ತಿದ ನಾಡ ಪಿಸ್ತೂಲು, ಎರಡು ಗುಂಡು! ಲೈಸೆನ್ಸಿಲ್ಲ, ಏನಿಲ್ಲ. ಚೀಲ ಅವನದು, ಟವೆಲ್ ಅವನದು, ಬುದ್ಧಿಗೇಡಿತನವೂ ಅವನದೇ. ಗಾಡಿ ಮಾತ್ರ ನಿನ್ನದು. ಅಷ್ಟಕ್ಕೇ ನೀನೂ ಪಾಲುದಾರ. ಹಂಗಾದ್ರ ಬಸ್ಸಿನಾಗ ಒಬ್ಬ ಕಳ್ಳ ಕುಂತಿದ್ರ ಡ್ರೈವರ್, ಕಂಡಕ್ಟರ್, ಬಾಜೂಕ ತೂಕಡಿಸೋ ಮುದುಕಿ, ಎಲ್ಲಾರ್ನೂ ಒಳಗ ಹಾಕ್ರಿ!

ನಮ್ಮ ವಕೀಲರು ಚಂದ್ರಕಲಾ ಮೇಡಂ ಕೂಡ ಅದನ್ನೇ ಅಂದರು. "ಜೋಡಿ ಕುಂತಿದ್ದಷ್ಟೇ ಗುನ್ಹೆ ಅಲ್ಲಪಾ. ಹತ್ಯಾರ ಐತಿ ಅಂತ ಗೊತ್ತಿರಬೇಕು, ಅದರ ಮ್ಯಾಲ ಅವನ ಹಿಡಿತಾನೂ ಇರಬೇಕು." ನಾನು ಇನ್ನೇನು ಕುಣಿಯಬೇಕು, "ಆದ್ರ ಗೊತ್ತಿತ್ತು ಅನ್ನಾಕ ಪೊಲೀಸರ ಕೈಯಾಗ ಒಂದು ಮೆಸೇಜ್ ಸಿಕ್ಕೈತಿ" ಅಂದರು. ಅಂದು ಮುಂಜಾನೆ ಅಂಬರೀಶನ ಫೋನಿನಿಂದ ನಿನ್ನ ಫೋನಿಗೆ ಬಂದದ್ದು: "ಸಾಮಾನು ಜ್ವಾಕಿ ತಗೊಂಡು ಬಾ. ಹೊಡದ್ರ ಊರು ನಡಗಬೇಕು. ಹುಣ್ಣಿಮಿಗಿ ಅವನ್ನ ಸುಡೂದೈತಿ." ನಿನ್ನ ಉತ್ತರ: "ಆತು, ತರ್ತೀನಿ." ನಿನ್ನ ಜಾಮೀನು ಅರ್ಜಿ ಇದರಿಂದಲೇ ಬಿದ್ದುಹೋಯಿತು.

ಹೊಡಿಯೂದಂದ್ರ ಹಲಗಿ! ಸುಡೂದಂದ್ರ ಕಾಮಣ್ಣನ್ನ! ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಪೊಲೀಸರ ಕಾಗದದಲ್ಲಿ ಮಾತ್ರ "ಹೆಸರು ವಿಳಾಸ ತಿಳಿಯದ ವ್ಯಕ್ತಿಯನ್ನು ಹುಣ್ಣಿಮೆಯಂದು ಗುಂಡು ಹೊಡೆದು ಸುಡುವ ಸಂಚು" ಎಂದು ಬರೆದಿದ್ದಾರೆ. ಗಾಡಿಗೆ ಕಟ್ಟಿದ್ದ ಹಲಗಿ ಪಂಚನಾಮೆಯಲ್ಲಿ ಇಲ್ಲವೇ ಇಲ್ಲ. ಠಾಣೆಯ ಮೂಲೆಯಲ್ಲಿ ಗೋಡೆಗೆ ಆನಿಸಿ ಇಟ್ಟದ್ದನ್ನು ನಾನೇ ಕಂಡೆ. ಕೇಳಿದರೆ "ಅದಕ್ಕೂ ಕೇಸಿಗೂ ಸಂಬಂಧ ಇಲ್ಲೋ, ನಡಿ" ಅಂದರು. ಸಂಬಂಧ ಇರುವುದೇ ಅದೊಂದಕ್ಕೆ! ಈ ಸಲ ನಮ್ಮ ಓಣಿಯ ಕಾಮಣ್ಣ ಹಲಗಿಯಿಲ್ಲದೆ ಎಣ್ಣೆ ಡಬ್ಬಿ ಬಡಿತದಲ್ಲಿ ಬೂದಿಯಾದ, ಪಾಪ.

ಹಲ್ಲು ಜ್ವಾಕಿ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸು. ಅವ್ವ ನಿನ್ನ ತಲೆ ಮೇಲೆ ಕೈಯಿಟ್ಟಳೆಂದು ತಿಳಿ.

ನಿನ್ನ ತಮ್ಮ,
ಹಣಮೇಶ
(ಸದ್ಯಕ್ಕೆ ಯಾವ ನಂಬರಿನ ಆರೋಪಿಯೂ ಅಲ್ಲ)

ತಾ.ಕ.: ಅಂಚೆ ಡಬ್ಬಿ ಮುಂದೆ ನಿಂತು ಗೀಚುತ್ತಿದ್ದೇನೆ. ಆ ಮೆಸೇಜ್ ಬರೆದವನು ನಾನು. ನನ್ನ ಫೋನಿನ ರಿಚಾರ್ಜ್ ಮುಗಿದಿತ್ತು. ಸುರಪುರದ ಬಸ್ಸಿಗೆ ನಿಂತಿದ್ದ ಅಂಬರೀಶನ ಫೋನ್ ಇಸಕೊಂಡೆ. "ಹಲಗಿ ತಾ" ಅಂತ ಸೀದಾ ಬರೆಯದೆ ಸರದಾರನ ಹಾಗೆ ಹುಕುಂ ಹೊರಡಿಸಿದೆ. ನನ್ನ ಮಾತಿನ ಗತ್ತು ನಿನಗೆ ಗೊತ್ತಾಗದೇ ಇರುತ್ತದಾ? ಗೊತ್ತಿದ್ದೂ ನೀನು ಠಾಣೆಯಲ್ಲಿ ನನ್ನ ಹೆಸರು ನುಂಗಿಕೊಂಡೆ. ಸೋಮವಾರ ಮೇಡಂ ಜೋಡಿ ಕೋರ್ಟಿಗೆ ಹೋಗಿ ಎಲ್ಲಾ ಹೇಳುತ್ತೇನೆ. "ನಿನ್ನನ್ನೂ ಮೂರನೇ ಆರೋಪಿ ಮಾಡಬಹುದು, ವಿಚಾರ ಮಾಡು" ಅಂದರು. ಮಾಡಿದೆ. ಅವ್ವಗ ಇನ್ನೂ ಹೇಳಿಲ್ಲಣ್ಣಾ. ನೀ ಹೊರಗ ಬಂದು, ನಾ ಒಳಗ ಹೋದ್ರ, ಆ ಎರಡು ರೊಟ್ಟಿ ಯಾರ ಗಂಗಾಳಕ್ಕ ಹಾಕಬೇಕಂತ ನೀನಾ ಆಕಿಗಿ ತಿಳಿಸಿ ಹೇಳು.