ನಿಪ್ಪಾಣಿಯಲ್ಲಿ ಗಾಲಿ ಬೂಟು

ನಿಪ್ಪಾಣಿ, ಮಂಗಳವಾರ

ಮನೀಷಾಳ ಅಪ್ಪನಿಗೆ ನಮಸ್ಕಾರ. ಮೊದಲು ನೀವು ಹೇಗಿದ್ದೀರಿ ತಿಳಿಸಿ. ಫೋನ್ ಮಾಡಿದರೆ ಅತ್ತೆ ನಿಮ್ಮ ಪಕ್ಕದಲ್ಲೇ ಇರುತ್ತಾರೆ. ಅವರಿಗೆ ಓದಲು ಬಾರದೆಂದು ಕಾರ್ಡು ಬರೆಯುತ್ತಿದ್ದೇನೆ.

ಮಗಳನ್ನು ಬಿಡಲು ಹೋಗುವ ಸ್ಕೇಟಿಂಗ್ ಕ್ಲಾಸಿನಲ್ಲಿ ತಾಯಂದಿರಿಗೂ ಕಲಿಸುತ್ತಾರೆ. ನಿನ್ನೆ ಇಲ್ಲಿ ಅಣ್ಣನ ಮನೆಯಲ್ಲಿ ವೈನಿಯ ಚೂಡಿದಾರ ತೊಟ್ಟು ನಾನೂ ಗಾಲಿ ಬೂಟು ಕಟ್ಟಿಕೊಂಡೆ. ನಮ್ಮ ಯಡೂರಿನ ಹೊಳೆದಂಡೆಯ ಪಾಚಿಗಲ್ಲಿನ ಮೇಲೆ ನಿಂತ ಹಾಗಾಯಿತು. ಬಿದ್ದೆ, ಎದ್ದೆ, ಗೋಡೆ ಬಿಟ್ಟೆ. ಆಮೇಲೆ ಓಟವೋ ಓಟ! "ಯವ್ವಾ, ನಿಂದ್ರ ಬೇ!" ಎಂದು ಮನೀಷಾ ಚೀರಿದಳು. ನಿಲ್ಲುವುದನ್ನು ಇನ್ನೂ ಕಲಿಸಿಲ್ಲ. ಮೊಣಕಾಲಿಗೆ ಅರಿಶಿನ ಹಚ್ಚಿದ್ದೇನೆ, ಚಿಂತೆಯಿಲ್ಲ.

ಚಿಂತೆ ಬೇರೆಯೇ ಇದೆ. ಬೂಟು ಕಟ್ಟುವ ಮೊದಲು ಕಲಿಸುವ ಹುಡುಗಿ, "ಕಾಕು, ಬಳಿ ತಗೀರಿ, ಬಿದ್ರ ಗಾಜು ಚುಚ್ಚತೈತಿ" ಎಂದಳು. ಮದುವೆಯಾದಾಗಿನಿಂದ ನನ್ನ ಕೈ ಬರಿದಾದದ್ದಿಲ್ಲ. ತೆಗೆದು ದುಪಟ್ಟದ ತುದಿಗೆ ಗಂಟು ಹಾಕಿಕೊಂಡೆ. ಮತ್ತೆ ತೊಡುವವರೆಗೂ ಕಬ್ಬಿನ ಟ್ರ್ಯಾಕ್ಟರ್ ಮೇಲೆ ನೀವೇ ಕಣ್ಣಿಗೆ ಕಟ್ಟಿದಿರಿ. ದಾರಿಯಲ್ಲಿ ಹೊಳೆಯ ಸೇತುವೆ ಬೇರೆ ದಾಟಬೇಕು ನೀವು.

ಕಾರ್ಡು ತುಂಬಿತು. ದಿನಾ ಸಂಜೆ ಐದರಿಂದ ಆರರವರೆಗೆ ಬಳೆ ತೆಗೆಯಲೇಬೇಕು. ಆ ಹೊತ್ತಿನಲ್ಲಿ ನೀವು ಟ್ರ್ಯಾಕ್ಟರ್ ಹತ್ತಬೇಡಿ. ಕಟ್ಟೆಯ ಮೇಲೆ ಸುಮ್ಮನೆ ಕುಳಿತಿರಿ.

ಮನೀಷಾಳ ಅವ್ವ